ನೀವು ಓದಿದ್ದು ಯಾರು ಜೋಡಿಸಿದ ಕಾಫ್ಕಾ?

ಅನುವಾದ ಹೇಗಿದೆ ಎಂದು ಕೇಳುವವರು ಬಹಳ. ಯಾವುದರ ಅನುವಾದ ಎಂದು ಕೇಳುವವರು ಕಡಿಮೆ. ಜರ್ಮನ್ ಸಾಹಿತ್ಯ ಪಾಠ ಮಾಡುವುದು, ಅನುವಾದದ ಕರಡುಗಳನ್ನು ಮೂಲದ ಪಕ್ಕಕ್ಕಿಟ್ಟು ಓದುವುದು ನನ್ನ ವೃತ್ತಿ. ಕರಡು ಕೈಗೆ ಬಂದರೆ ಭಾಷೆ ಹರಿಯುತ್ತಿದೆಯೇ, ವಾಕ್ಯ ಎಡವುತ್ತಿದೆಯೇ ಎಂಬುದನ್ನೆಲ್ಲ ಆಮೇಲೆ ನೋಡುತ್ತೇನೆ. ಅನುವಾದಕರು ಯಾವ ವರ್ಷದ, ಯಾರು ಸಂಪಾದಿಸಿದ ಜರ್ಮನ್ ಪಾಠವನ್ನು, ಅಂದರೆ ಮೂಲದ ಯಾವ ರೂಪವನ್ನು, ಎದುರಿಗಿಟ್ಟುಕೊಂಡಿದ್ದರು ಎಂಬುದು ಮೊದಲು ಗೊತ್ತಾಗಬೇಕು. ಬದುಕಿದ್ದಾಗಲೇ ಪುಸ್ತಕ ಅಚ್ಚು ಹಾಕಿಸಿ ಕಣ್ಣಾರೆ ಕಂಡ ಲೇಖಕರ ವಿಷಯದಲ್ಲಿ ಇದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಜರ್ಮನ್‌ನಲ್ಲಿ ಬರೆದ ಕಾದಂಬರಿಕಾರ ಫ್ರಾಂಜ್ ಕಾಫ್ಕಾನ ವಿಷಯದಲ್ಲಿ ಇದೇ ಮೊದಲ ಪ್ರಶ್ನೆ.

ಕಾಫ್ಕಾ 1924ರ ಜೂನ್ 3ರಂದು ವಿಯೆನ್ನಾ ಬಳಿಯ ಕೀರ್ಲಿಂಗ್‌ನ ಸ್ಯಾನಟೋರಿಯಂನಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಮೂರು ಕಾದಂಬರಿಗಳಲ್ಲಿ ಒಂದೂ ಮುಗಿದಿರಲಿಲ್ಲ. ಎಲ್ಲವನ್ನೂ ಸುಟ್ಟುಬಿಡು ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಚೀಟಿ ಬರೆದಿಟ್ಟಿದ್ದ. ಬ್ರಾಡ್ ಸುಡಲಿಲ್ಲ, ಅಷ್ಟು ಎಲ್ಲರಿಗೂ ಗೊತ್ತು. ಸುಡದೆ ಇಟ್ಟ ಹಾಳೆಗಳನ್ನು ಅವನು ಏನು ಮಾಡಿದ ಎನ್ನುವಲ್ಲಿಂದ ನಮ್ಮ ಕೆಲಸ ಶುರುವಾಗುತ್ತದೆ. 1925ರಲ್ಲಿ ‘ದಿ ಟ್ರಯಲ್’, 1926ರಲ್ಲಿ ‘ದಿ ಕ್ಯಾಸಲ್’, 1927ರಲ್ಲಿ ‘ಅಮೆರಿಕ’. ಮೂರೇ ವರ್ಷದಲ್ಲಿ ಮೂರು ಕಾದಂಬರಿಗಳು ಪೂರ್ಣ ಪುಸ್ತಕದ ರೂಪದಲ್ಲಿ ಅಂಗಡಿಗೆ ಬಂದವು. (ಇಂಗ್ಲಿಷ್ ಹೆಸರುಗಳನ್ನೇ ಬಳಸುತ್ತಿದ್ದೇನೆ, ನಮ್ಮ ಓದುಗರಿಗೆ ಪರಿಚಯವಾಗಿರುವುದು ಅವೇ.)

‘ದಿ ಟ್ರಯಲ್’ನ ಹಸ್ತಪ್ರತಿ ಎಂದರೆ 161 ಬಿಡಿ ಹಾಳೆಗಳು. 1914ರ ಆಗಸ್ಟ್‌ನಲ್ಲಿ ಬರೆಯಲು ಕುಳಿತಾಗ ಕಾಫ್ಕಾ ಮೊದಲ ಅಧ್ಯಾಯವನ್ನೂ ಕೊನೆಯ ಅಧ್ಯಾಯವನ್ನೂ ಮೊದಲಿಗೇ ಬರೆದಿಟ್ಟ. ನಡುವಿನದನ್ನು ಬೇರೆ ಬೇರೆ ನೋಟುಪುಸ್ತಕಗಳಲ್ಲಿ, ಇಲ್ಲಿಷ್ಟು ಅಲ್ಲಿಷ್ಟು ಬರೆದ. 1915ರ ಜನವರಿಯ ಹೊತ್ತಿಗೆ ಕೈಬಿಟ್ಟ. ನಂತರ ಹಾಳೆಗಳನ್ನು ನೋಟುಪುಸ್ತಕಗಳಿಂದ ಕಿತ್ತು ಕಂತೆ ಮಾಡಿಟ್ಟ. ಕಂತೆಗಳಿಗೆ ಕ್ರಮಸಂಖ್ಯೆ ಹಾಕಲಿಲ್ಲ. ಹೀಗಾಗಿ ಹುಟ್ಟುಹಬ್ಬದ ಬೆಳಿಗ್ಗೆ ಜೋಸೆಫ್ ಕೆ. ಬಂಧನಕ್ಕೊಳಗಾಗುತ್ತಾನೆ, ಒಂದು ವರ್ಷದ ನಂತರ, ಮುಂದಿನ ಹುಟ್ಟುಹಬ್ಬದ ಹಿಂದಿನ ರಾತ್ರಿ, ಕಲ್ಲುಗಣಿಯಲ್ಲಿ ಕೊಲೆಯಾಗುತ್ತಾನೆ ಎಂಬೆರಡು ತುದಿಗಳು ಗಟ್ಟಿ. ನಡುವೆ ಏನಾದ ಮೇಲೆ ಏನು ಎಂಬುದು ಬ್ರಾಡ್‌ನ ಅಂದಾಜು. ಅವನೇ ಹಿನ್ನುಡಿಯಲ್ಲಿ ಅದನ್ನು ಒಪ್ಪಿಕೊಂಡಿದ್ದಾನೆ: ಕಾಫ್ಕಾ ಬಹಳಷ್ಟು ಭಾಗಗಳನ್ನು ತನಗೆ ಓದಿ ಹೇಳಿದ್ದರಿಂದ, ಆ ನೆನಪಿನ ಮೇಲೆ, ತನಗೆ ತೋರಿದಂತೆ ಜೋಡಿಸಿದೆ ಎಂದು.

ಬೆಲ್ಜಿಯಂನ ಜರ್ಮನ್ ಸಾಹಿತ್ಯ ವಿದ್ವಾಂಸ ಹರ್ಮನ್ ಔಟರ್ಸ್‌ಪ್ರೋಟ್ 1950ರ ದಶಕದಲ್ಲಿ ಈ ಜೋಡಣೆಯನ್ನು ಪ್ರಶ್ನಿಸಿದ. ಅವನು ಹಿಡಿದ ಸಾಕ್ಷಿಗಳಲ್ಲಿ ಹವಾಮಾನವೂ ಒಂದು. ಕೆ. ವಕೀಲನ ವಿಷಯ ಯೋಚಿಸುತ್ತ ಕಚೇರಿಯಲ್ಲಿ ಕೂತಿರುವ ಅಧ್ಯಾಯದಲ್ಲಿ ಹೊರಗೆ ಹಿಮ ಬೀಳುತ್ತಿದೆ. ಪ್ರಸಿದ್ಧವಾದ ಚರ್ಚಿನ ಅಧ್ಯಾಯದಲ್ಲಿ ಶರತ್ಕಾಲದ ಮಳೆ. ಬ್ರಾಡ್‌ನ ಪುಸ್ತಕದಲ್ಲಿ ಹಿಮ ಮೊದಲು ಬಂದು ಶರತ್ಕಾಲದ ಮಳೆ ಆಮೇಲೆ ಬರುತ್ತದೆ. ಕಥೆ ನಡೆಯುವುದು ಒಂದೇ ವರ್ಷದಲ್ಲಿ, ಹಾಗಾದರೆ ಇದು ಹೇಗೆ ಸಾಧ್ಯ? ಔಟರ್ಸ್‌ಪ್ರೋಟ್ ಚರ್ಚಿನ ಅಧ್ಯಾಯವನ್ನು ನಡುವಿಗೆ ತಂದ. ಅವನ ಪರಿಹಾರವನ್ನು ಎಲ್ಲರೂ ಒಪ್ಪಲಿಲ್ಲ, ನಾನೂ ಪೂರ್ತಿ ಒಪ್ಪುವುದಿಲ್ಲ. ಋತುಗಳನ್ನು ಕಾಫ್ಕಾ ಲೆಕ್ಕವಿಟ್ಟು ಬರೆದ ಎಂಬುದಕ್ಕೆ ಆಧಾರವೇನು? ಆದರೆ ಪರಿಣಾಮ ನೋಡಿ. ಆ ಚರ್ಚಿನಲ್ಲಿ ಪಾದ್ರಿ ಹೇಳುವ ‘ಕಾನೂನಿನ ಬಾಗಿಲು’ ದೃಷ್ಟಾಂತ (ಬಾಗಿಲ ಮುಂದೆ ಜೀವನವಿಡೀ ಕಾದು ಒಳಗೆ ಹೋಗದೆ ಸಾಯುವವನ ಕಥೆ) ಕೊಲೆಗೆ ತುಸು ಮುಂಚೆ ಬಂದರೆ ಅದು ತೀರ್ಪಿನಂತೆ ಕೇಳುತ್ತದೆ. ಕಥೆಯ ನಡುವೆ ಬಂದರೆ ಕೆ. ಕಿವಿಗೊಡದೆ ದಾಟಿಹೋದ ಎಚ್ಚರಿಕೆಯಾಗುತ್ತದೆ. ಅರ್ಧ ಶತಮಾನದ ವಿಮರ್ಶೆ ಮೊದಲನೆಯ ಅರ್ಥದ ಮೇಲೆ ನಿಂತಿತ್ತು, ಆ ಅರ್ಥ ನಿಂತಿದ್ದು ಬ್ರಾಡ್‌ನ ಜೋಡಣೆಯ ಮೇಲೆ.

‘ದಿ ಕ್ಯಾಸಲ್’ ಕಥೆ ಇನ್ನೂ ನೇರ. 1926ರ ಆವೃತ್ತಿಯಲ್ಲಿ ಬ್ರಾಡ್ ಕೊನೆಯ ಅಧ್ಯಾಯಗಳನ್ನೇ ಬಿಟ್ಟಿದ್ದ. ನಾಯಕ (ಇವನ ಹೆಸರೂ ಕೆ.) ಮತ್ತು ಅವನ ಪ್ರೇಯಸಿ ಫ್ರೀಡಾ ಬೇರೆಯಾಗುವಲ್ಲಿ ಮುಗಿಸಿದರೆ ಕಥೆಗೊಂದು ಮುಕ್ತಾಯ ಸಿಕ್ಕಂತಾಗುತ್ತದೆ ಎಂಬ ಲೆಕ್ಕಾಚಾರ. ವಿಲ್ಲಾ ಮತ್ತು ಎಡ್ವಿನ್ ಮ್ಯೂರ್ ದಂಪತಿ 1930ರಲ್ಲಿ ಇಂಗ್ಲಿಷಿಗೆ ತಂದದ್ದು ಇದನ್ನೇ. ಬಿಟ್ಟ ಭಾಗಗಳನ್ನು ಬ್ರಾಡ್ 1930ರ ದಶಕದಲ್ಲಿ ಸೇರಿಸಿದ. ಅವು ಇಂಗ್ಲಿಷಿಗೆ ಬರುವ ಹೊತ್ತಿಗೆ 1950ರ ದಶಕ ಬಂದಿತ್ತು, ಅದೂ ಬೇರೆ ಅನುವಾದಕರ ಕೈಯಲ್ಲಿ. ಅಂದರೆ ಆ ನಡುವೆ ಇಂಗ್ಲಿಷಿನಲ್ಲಿ ಓದಿ ಕಾಫ್ಕಾನ ಬಗ್ಗೆ ಬರೆದವರೆಲ್ಲ, ಅವರಲ್ಲಿ ದೊಡ್ಡ ದೊಡ್ಡ ವಿಮರ್ಶಕರೂ ಇದ್ದರು, ಕಾದಂಬರಿಯ ಒಂದು ಭಾಗವನ್ನು ನೋಡದೆಯೇ ಬರೆದರು. ಬ್ರಾಡ್‌ಗೆ ಕಾದಂಬರಿಯ ಕೋಟೆ (ಕ್ಯಾಸಲ್) ಎಂದರೆ ದೈವಕೃಪೆ. ಮ್ಯೂರ್ ದಂಪತಿಗೂ ಆ ಓದು ಹಿಡಿಸಿತು. ಇಂಗ್ಲಿಷ್ ಲೋಕದಲ್ಲಿ ಕಾಫ್ಕಾ ಮೊದಲಿಗೆ ಧಾರ್ಮಿಕ ಅನ್ವೇಷಕನಾಗಿ ಕಾಣಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದಕ್ಕೆ ಬರೋಣ, ನನಗೆ ಇದೇ ಅತ್ಯಂತ ಸ್ವಾರಸ್ಯದ್ದು. ‘ಅಮೆರಿಕ’ ಎಂಬ ಹೆಸರೇ ಕಾಫ್ಕಾನದಲ್ಲ. 1912ರಲ್ಲಿ ಗೆಳತಿ ಫೆಲಿಸ್ ಬವರ್‌ಗೆ ಬರೆದ ಪತ್ರದಲ್ಲಿ ಅವನು ಇದನ್ನು ‘ಡೆರ್ ಫೆರ್‌ಶೋಲೆನೆ’, ಅಂದರೆ ‘ಕಾಣೆಯಾದವನು’, ಎಂದು ಕರೆದಿದ್ದಾನೆ. ಕೊನೆಯ ಭಾಗದಲ್ಲಿ ಹುಡುಗ ಕಾರ್ಲ್ ರಾಸ್ಮಾನ್ ಯಾರನ್ನು ಬೇಕಾದರೂ ಕೆಲಸಕ್ಕೆ ತೆಗೆದುಕೊಳ್ಳುವ ಒಂದು ಭಾರೀ ನಾಟಕ ಕಂಪನಿಗೆ ಸೇರುತ್ತಾನೆ. ಆ ಭಾಗಕ್ಕೆ ‘ಓಕ್ಲಹೋಮಾದ ನಿಸರ್ಗ ರಂಗಭೂಮಿ’ ಎಂಬ ತಲೆಬರಹ ಕೊಟ್ಟವನು ಬ್ರಾಡ್. ಹಸ್ತಪ್ರತಿಯಲ್ಲಿ ಊರಿನ ಹೆಸರು ‘ಓಕ್ಲಹಾಮಾ’ ಎಂದಿದೆ. ಅಮೆರಿಕಕ್ಕೆ ಹೋಗದ ಕಾಫ್ಕಾ ತಪ್ಪು ಬರೆದಿದ್ದಾನೆ ಎಂದು ಬ್ರಾಡ್ ತಿದ್ದಿದ. ಯಾವ ಸಂಪಾದಕನಾದರೂ ತಿದ್ದುತ್ತಿದ್ದ.

ಆದರೆ ಆ ತಪ್ಪು ಕಾಫ್ಕಾನದಲ್ಲ. ಆರ್ಥರ್ ಹೊಲಿಟ್ಷರ್ ಎಂಬಾತ 1912ರಲ್ಲಿ ಅಮೆರಿಕದ ಪ್ರವಾಸಕಥನವೊಂದನ್ನು ಪ್ರಕಟಿಸಿದ್ದ, ಕಾಫ್ಕಾ ಅದನ್ನು ಓದಿದ್ದ. ಅದರಲ್ಲೊಂದು ಛಾಯಾಚಿತ್ರ: ಕರಿಯನೊಬ್ಬನನ್ನು ನೇಣು ಹಾಕಿ ಕೊಂದಿದ್ದಾರೆ, ಬಿಳಿಯರು ಸುತ್ತ ನಿಂತಿದ್ದಾರೆ. ಚಿತ್ರದ ಕೆಳಗೆ ವ್ಯಂಗ್ಯದ ಒಂದು ಸಾಲು, ‘ಓಕ್ಲಹಾಮಾದ ಒಂದು ರಮ್ಯ ನೋಟ’ ಎಂಬ ಅರ್ಥದ್ದು. ಅಕ್ಷರ ತಪ್ಪಿರುವುದು ಅಲ್ಲಿ. ಈಗ ಕಾದಂಬರಿಗೆ ಮರಳಿ ನೋಡಿ. ಆ ನಾಟಕ ಕಂಪನಿಯವರು ಹೆಸರು ಕೇಳಿದಾಗ ಕಾರ್ಲ್ ತನ್ನ ನಿಜವಾದ ಹೆಸರು ಹೇಳುವುದಿಲ್ಲ, ‘ನೀಗ್ರೋ’ ಎನ್ನುತ್ತಾನೆ. 1915ರ ಸೆಪ್ಟೆಂಬರ್ 30ರ ದಿನಚರಿಯಲ್ಲಿ ಕಾಫ್ಕಾ ಬರೆದುಕೊಂಡದ್ದೂ ಇದೆ: ರಾಸ್ಮಾನ್ ನಿರ್ದೋಷಿ, (‘ಟ್ರಯಲ್’ನ) ಕೆ. ದೋಷಿ, ಕೊನೆಗೆ ಇಬ್ಬರೂ ಕೊಲ್ಲಲ್ಪಡುತ್ತಾರೆ, ನಿರ್ದೋಷಿಯನ್ನು ತುಸು ಹಗುರವಾಗಿ. ಬ್ರಾಡ್ ಹಿನ್ನುಡಿಯಲ್ಲಿ ಹೇಳಿದ್ದೇ ಬೇರೆ. ಹುಡುಗನಿಗೆ ಆ ರಂಗಭೂಮಿಯಲ್ಲಿ ಕೆಲಸ, ಸ್ವಾತಂತ್ರ್ಯ, ಊರು, ಅಪ್ಪ ಅಮ್ಮ ಎಲ್ಲ ಮತ್ತೆ ಸಿಗುವಂತೆ ಕಾಫ್ಕಾ ಮುಗುಳ್ನಗುತ್ತ ಸೂಚಿಸಿದ್ದ ಎಂದು. ಬ್ರಾಡ್ ಸುಳ್ಳು ಹೇಳಿದ ಎನ್ನಲಾರೆ. ಬರೆಯುವವನ ಮನಸ್ಸು ಬದಲಾಗುತ್ತಲೇ ಇರುತ್ತದೆ. ಆದರೆ ಒಂದಕ್ಷರ ತಿದ್ದಿ ‘ಓಕ್ಲಹೋಮಾ’ ಎಂದಾಗ ಆ ಛಾಯಾಚಿತ್ರಕ್ಕೆ ಹೋಗುವ ದಾರಿ ಮುಚ್ಚಿಹೋಯಿತು. ಕಾದಂಬರಿಯ ಕೊನೆ ಸ್ವರ್ಗದಂತೆ ಕಾಣಿಸಲು ಅದೂ ಒಂದು ಕಾರಣ.

ಇದೆಲ್ಲ ಹೊರಬಿದ್ದದ್ದು ಹಸ್ತಪ್ರತಿಗಳು ವಿದ್ವಾಂಸರ ಕೈಗೆ ಬಂದ ಮೇಲೆ. 1939ರ ಮಾರ್ಚ್‌ನಲ್ಲಿ ನಾತ್ಸಿ ಸೇನೆ ಪ್ರಾಗ್‌ಗೆ ನುಗ್ಗುವ ಹೊತ್ತಿಗೆ ಬ್ರಾಡ್ ಹಾಳೆಗಳನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿಕೊಂಡು ರೈಲು ಹತ್ತಿ ಪ್ಯಾಲೆಸ್ಟೈನ್ ಸೇರಿದ. 1956ರಲ್ಲಿ, ಸುಯೆಜ್ ಬಿಕ್ಕಟ್ಟಿನ ಸಮಯ, ಅವು ಸ್ವಿಟ್ಸರ್ಲೆಂಡಿಗೆ ಹೋದವು. 1961ರಲ್ಲಿ ಮಾಲ್ಕಮ್ ಪಾಸ್ಲಿ ಎಂಬ ಆಕ್ಸ್‌ಫರ್ಡ್ ಅಧ್ಯಾಪಕ ಬಹುಪಾಲನ್ನು ತನ್ನ ಕಾರಿನಲ್ಲೇ ಹೇರಿಕೊಂಡು ಬಾಡ್ಲಿಯನ್ ಗ್ರಂಥಾಲಯಕ್ಕೆ ತಂದ. ‘ದಿ ಟ್ರಯಲ್’ ಮಾತ್ರ ಆ ಗಂಟಿನಲ್ಲಿರಲಿಲ್ಲ. ಬ್ರಾಡ್‌ನ ಬಳಿಯೇ ಉಳಿದು, ಅವನ ಕಾರ್ಯದರ್ಶಿಯ ಕೈಸೇರಿ, 1988ರಲ್ಲಿ ಲಂಡನ್ನಿನ ಸಾತ್‌ಬೀಸ್ ಹರಾಜಿನಲ್ಲಿ ಹತ್ತು ಲಕ್ಷ ಪೌಂಡಿಗೆ ಮಾರಾಟವಾಯಿತು. ಕೊಂಡದ್ದು ಜರ್ಮನಿಯ ಮಾರ್ಬಾಖ್ ಸಾಹಿತ್ಯ ಸಂಗ್ರಹಾಲಯ.

ಪಾಸ್ಲಿ ಮತ್ತು ಸಂಗಡಿಗರ ವಿಮರ್ಶಾತ್ಮಕ ಆವೃತ್ತಿಯಲ್ಲಿ ‘ಕ್ಯಾಸಲ್’ 1982ರಲ್ಲಿ, ‘ಕಾಣೆಯಾದವನು’ 1983ರಲ್ಲಿ, ‘ಟ್ರಯಲ್’ 1990ರಲ್ಲಿ ಬಂದವು. ಬ್ರಾಡ್ ಸೇರಿಸಿದ ಅಲ್ಪವಿರಾಮಗಳು ಹೋದವು. ಕಾಫ್ಕಾ ಗಟ್ಟಿಯಾಗಿ ಓದಲೆಂದು ಬರೆಯುತ್ತಿದ್ದ, ವಿರಾಮಚಿಹ್ನೆ ಅಪರೂಪ, ವಾಕ್ಯ ಉಸಿರುಗಟ್ಟುವಂತೆ ಓಡುತ್ತದೆ. ‘ಟ್ರಯಲ್’ನಲ್ಲಿ ಬ್ರಾಡ್ ನಾಲ್ಕನೆಯ ಅಧ್ಯಾಯವೆಂದು ಇಟ್ಟಿದ್ದ ‘ಬ್ಯುರ್ಸ್ಟ್ನರಳ ಗೆಳತಿ’ಯನ್ನು ಪಾಸ್ಲಿ ಮುಗಿಯದ ತುಣುಕುಗಳ ಸಾಲಿಗೆ ತಳ್ಳಿದ. 1998ರಲ್ಲಿ ಮಾರ್ಕ್ ಹಾರ್ಮನ್ ‘ಕ್ಯಾಸಲ್’ ಅನ್ನೂ ಬ್ರಿಯಾನ್ ಮಿಚೆಲ್ ‘ಟ್ರಯಲ್’ ಅನ್ನೂ ಹೊಸದಾಗಿ ಇಂಗ್ಲಿಷಿಗೆ ತಂದದ್ದು ಈ ಪಾಠಗಳಿಂದ.

ಅದೂ ಸಾಲದು ಎಂದವರು ರೋಲಂಡ್ ರಾಯ್ಸ್ ಮತ್ತು ಪೀಟರ್ ಶ್ಟೆಂಗ್ಲೆ. 1997ರಲ್ಲಿ ಅವರು ಹೊರತಂದ ‘ಟ್ರಯಲ್’ ಒಂದು ಪುಸ್ತಕವೇ ಅಲ್ಲ. ಒಂದು ಪೆಟ್ಟಿಗೆಯಲ್ಲಿ ಹದಿನಾರು ಬಿಡಿ ಪುಸ್ತಿಕೆಗಳು, ಒಂದು ಪುಟದಲ್ಲಿ ಹಸ್ತಪ್ರತಿಯ ಪಡಿಯಚ್ಚು, ಎದುರು ಪುಟದಲ್ಲಿ ಹೊಡೆದುಹಾಕಿದ್ದೂ ಸೇರಿ ಅದರ ಅಕ್ಷರಶಃ ಲಿಪ್ಯಂತರ. ಕ್ರಮ ಯಾವುದು? ಓದುವವರು ತೀರ್ಮಾನಿಸಿಕೊಳ್ಳಬೇಕು. ಪ್ರಾಮಾಣಿಕತೆಯಲ್ಲಿ ಇದನ್ನು ಮೀರಿಸಿದ್ದಿಲ್ಲ. ಸಂಶೋಧಕರ ಮೇಜಿನ ಮೇಲೆ ಇರಲೇಬೇಕು. ಅನುವಾದಿಸಲು ಹೊರಟವರಿಗೆ ಮಾತ್ರ ನಾನು ಪಾಸ್ಲಿಯನ್ನೇ ಹೇಳುತ್ತೇನೆ. ಓದುಗರ ಕೈಗೆ ಕೊನೆಗೆ ಒಂದು ಪುಸ್ತಕ ಕೊಡಬೇಕಲ್ಲ.

ಇದು ಕಾಫ್ಕಾ ಒಬ್ಬನ ಪಾಡಲ್ಲ. ಜರ್ಮನ್ ನಾಟಕಕಾರ ಗಿಯೋರ್ಗ್ ಬ್ಯೂಖ್ನರ್ 1837ರಲ್ಲಿ ಝೂರಿಚ್‌ನಲ್ಲಿ 23ನೇ ವಯಸ್ಸಿಗೆ ಸತ್ತಾಗ ‘ವೊಯ್ಸೆಕ್’ ನಾಟಕ ಕರಡಿನಲ್ಲೇ ಇತ್ತು. 1879ರಲ್ಲಿ ಅದನ್ನು ಪ್ರಕಟಿಸಿದ ಕಾರ್ಲ್ ಎಮಿಲ್ ಫ್ರಾನ್ಸೋಸ್ ಮಾಸಿದ ಶಾಯಿ ಕಾಣಿಸಲೆಂದು ಹಾಳೆಗಳಿಗೆ ರಾಸಾಯನಿಕ ಹಚ್ಚಿದ, ಹೆಸರನ್ನೇ ‘ವೊತ್ಸೆಕ್’ ಎಂದು ತಪ್ಪಾಗಿ ಓದಿದ, ಕೊನೆಯಲ್ಲಿ ನಾಯಕ ನೀರಲ್ಲಿ ಮುಳುಗುತ್ತಾನೆಂದು ತಾನೇ ಸೇರಿಸಿದ. ಆಲ್ಬನ್ ಬೆರ್ಗ್‌ನ 1925ರ ಒಪೆರಾಕ್ಕೆ ಇವತ್ತಿಗೂ ಆ ತಪ್ಪು ಹೆಸರೇ ಇದೆ, ನಾಯಕ ಮುಳುಗಿಯೇ ಸಾಯುತ್ತಾನೆ. ನಾಟಕಕ್ಕೆ ಎಳೆಯಾದ ನಿಜವಾದ ವೊಯ್ಸೆಕ್‌ನ ತಲೆಯನ್ನು 1824ರಲ್ಲಿ ಲೈಪ್ಸಿಗ್ ಪೇಟೆಚೌಕದಲ್ಲಿ ಕಡಿದಿದ್ದರು. ಬ್ಯೂಖ್ನರ್ ಯಾವ ಕೊನೆಯತ್ತ ಹೊರಟಿದ್ದ ಎಂಬುದನ್ನು ಕರಡುಗಳು ಹೇಳುವುದಿಲ್ಲ.

ಪಾಠಾಂತರದ ವಿಚಾರ ಕನ್ನಡದವರಿಗೆ ಹೊಸದೇನಲ್ಲ. ಹಳಗನ್ನಡ ಓದಿದವರು ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ದಾಟಿಯೇ ಬಂದಿರುತ್ತಾರೆ. ಜರ್ಮನ್ ಪಾದ್ರಿ ಕಿಟೆಲ್ ನಿಘಂಟಿಗೂ ಮೊದಲೇ ‘ಶಬ್ದಮಣಿದರ್ಪಣ’, ‘ಛಂದೋಂಬುಧಿ’ಗಳನ್ನು ಸಂಪಾದಿಸಿದ್ದರು. ಆದರೆ ನಮ್ಮ ಕಷ್ಟ ಬೇರೆ ಬಗೆಯದು. ಪಂಪನ ಕೈಬರಹ ನಮಗೆ ಸಿಕ್ಕಿಲ್ಲ, ಶತಮಾನಗಳ ನಂತರ ಲಿಪಿಕಾರರು ಮಾಡಿಕೊಂಡ ಓಲೆಪ್ರತಿಗಳಿಂದ ಹಿಂದಕ್ಕೆ ಊಹಿಸುತ್ತ ಹೋಗಬೇಕು. ಅಲ್ಲಿ ಕಾಫ್ಕಾನ ಕೈಬರಹವೇ ಕಣ್ಣೆದುರು ಇದೆ, ಒಂದೊಂದು ಕಾಟೂ ಕಾಣುತ್ತದೆ. ಇಲ್ಲದಿರುವುದು ‘ಇದೇ ಅಂತಿಮ’ ಎಂದು ಲೇಖಕ ಹಾಕಬೇಕಿದ್ದ ಮೊಹರು. ಎಷ್ಟು ಹಳೆಯ ಪ್ರತಿ ಹುಡುಕಿದರೂ ಅದು ಸಿಗುವಂಥದಲ್ಲ.

ಇಂಗ್ಲಿಷಿನ ಮೂಲಕ ಕಾಫ್ಕಾನನ್ನು ಕನ್ನಡಕ್ಕೆ ತರುವುದರ ಬಗ್ಗೆ ನನಗೆ ಮಡಿವಂತಿಕೆಯಿಲ್ಲ. ಜರ್ಮನ್ ಬಲ್ಲ ಒಳ್ಳೆಯ ಕನ್ನಡ ಲೇಖಕರು ಸಿಗುವವರೆಗೆ ಪುಸ್ತಕಗಳು ಕಾಯಬೇಕಿಲ್ಲ. ಆದರೆ ಕೈಯಲ್ಲಿರುವ ಇಂಗ್ಲಿಷ್ ಪ್ರತಿ ಯಾವ ಕುಲದ್ದೆಂದು ನೋಡಿಕೊಳ್ಳಿ. ಪತ್ತೆ ಕಷ್ಟವಲ್ಲ. ‘ಟ್ರಯಲ್’ನಲ್ಲಿ ಬ್ಯುರ್ಸ್ಟ್ನರಳ ಗೆಳತಿ ನಾಲ್ಕನೆಯ ಅಧ್ಯಾಯದಲ್ಲಿ ಬಂದರೆ ಅದು ಬ್ರಾಡ್ ಪಾಠ. ಹಕ್ಕುಸ್ವಾಮ್ಯದ ಪುಟ ತೆರೆದು ಮೂಲ ಜರ್ಮನ್ ಆವೃತ್ತಿಯ ವರ್ಷ ನೋಡಿ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಜರ್ಮನ್ ಪಾಠಗಳಲ್ಲಿ ಎಷ್ಟೋ ವೇಳೆ ಆ ವಿವರವೇ ಇರುವುದಿಲ್ಲ, ಅಂಥದನ್ನು ನಂಬಿ ಕೂರಬೇಡಿ. ಇನ್ನೊಂದು: ಕಾಫ್ಕಾ ಸತ್ತು ನೂರು ವರ್ಷವಾಯಿತು, ಹಾಗಾಗಿ ಎಲ್ಲವೂ ಮುಕ್ತ ಎಂದು ಪ್ರಕಾಶಕರು ಭಾವಿಸುವುದುಂಟು. ಇಂಗ್ಲಿಷ್ ಅನುವಾದ ಬೇರೆಯೇ ಒಂದು ಕೃತಿ, ಅದರ ಹಕ್ಕು ಅನುವಾದಕರದು. ನಮ್ಮ ಕಾಯ್ದೆಯ ಪ್ರಕಾರ ಲೇಖಕರು ಸತ್ತ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ವಿಲ್ಲಾ ಮ್ಯೂರ್ ತೀರಿಕೊಂಡದ್ದು 1970ರಲ್ಲಿ, ಹಾರ್ಮನ್ ಮತ್ತು ಮಿಚೆಲ್ ಅವರದಂತೂ ತೀರಾ ಈಚಿನದು. ಅನುಮತಿ ಕೇಳಿಯೇ ಮುಂದುವರಿಯಬೇಕು.

ಪಾಸ್ಲಿ ಪಾಠದ ‘ಕ್ಯಾಸಲ್’ ವಾಕ್ಯದ ನಡುವೆಯೇ ನಿಂತುಬಿಡುತ್ತದೆ, ಮುದುಕಿಯೊಬ್ಬಳು ಏನೋ ಹೇಳುತ್ತಿರುವಾಗ. ಹಾರ್ಮನ್ ಇಂಗ್ಲಿಷಿನಲ್ಲೂ ಹಾಗೆಯೇ ಬಿಟ್ಟಿದ್ದಾನೆ. ಕನ್ನಡದಲ್ಲೂ ಹಾಗೆಯೇ ಬಿಡುವುದಾದರೆ ಕರಡು ತಿದ್ದುವವರಿಗೂ ಅಚ್ಚುಮನೆಗೂ ಬರವಣಿಗೆಯಲ್ಲೇ ತಿಳಿಸಿಡಿ. ಇಲ್ಲವಾದರೆ ಯಾರೋ ಒಬ್ಬರು ಪುಟ ಕಳೆದುಹೋಗಿದೆ ಎಂದು ಫೋನ್ ಮಾಡುತ್ತಾರೆ, ಅಥವಾ ಕೇಳದೆಯೇ ಒಂದು ಪೂರ್ಣವಿರಾಮ ಇಟ್ಟು ಕಳಿಸುತ್ತಾರೆ.