ನೀರಲ್ಲಿರೋ ಟೀಚರ್ ಕಣ್ಣು ಎಲ್ಲಿದೆ ಅಂತ ನೋಡೋ ಕೆಲಸ

ನಾನು ಕೆಲಸ ಮಾಡೋದು ಅಮೆರಿಕಾದ ನ್ಯೂಜೆರ್ಸಿಯಲ್ಲಿ, ಒಂದು ಯಹೂದಿ ಕಮ್ಯುನಿಟಿ ಸೆಂಟರ್‌ನ ಸ್ವಿಮಿಂಗ್ ಪೂಲ್‌ನಲ್ಲಿ. ಊರಿಗೆ ಫೋನ್ ಮಾಡಿದಾಗೆಲ್ಲಾ ಚಿಕ್ಕಮ್ಮ "ಇನ್ನೂ ಮಕ್ಕಳಿಗೆ ಈಜು ಹೇಳ್ಕೊಡ್ತಾ ಇದ್ದೀಯೇನೇ" ಅಂತಾರೆ, ಇಲ್ಲ ಚಿಕ್ಕಮ್ಮ ಈಗ ಹೇಳ್ಕೊಡೋರನ್ನ ನೋಡ್ಕೊಳ್ಳೋದು ಅಂದ್ರೆ "ನೀರಿಗೇ ಇಳೀದೆ ಸಂಬಳವಾ, ಬಿಡು ಒಳ್ಳೇದೇ ಆಯ್ತು" ಅಂತ ನಗ್ತಾರೆ. ಅವರ ಮಾತಲ್ಲಿ ತಪ್ಪೇನಿಲ್ಲ, ನಾನು ದಿನದ ಬಹುಪಾಲು ಒಣ ಬಟ್ಟೆಯಲ್ಲೇ ಕೊಳದ ಅಂಚಲ್ಲಿ ನಿಂತಿರ್ತೀನಿ.

ಹೊಸದಾಗಿ ಸೇರೋ ಇನ್‌ಸ್ಟ್ರಕ್ಟರ್‌ಗಳಿಗೆ, ಅವರಲ್ಲಿ ಅರ್ಧ ಜನ ಹದಿನಾರು ಹದಿನೇಳು ವಯಸ್ಸಿನ ಹೈಸ್ಕೂಲ್ ಮಕ್ಕಳು, ಮೊದಲನೇ ದಿನ ನಾನು ಫ್ರೀಸ್ಟೈಲ್ ಬಗ್ಗೆ ಏನೂ ಹೇಳಲ್ಲ. ತಾಲ್ಮುದ್ ಅನ್ನೋ ಯಹೂದಿಗಳ ಹಳೇ ಧರ್ಮಶಾಸ್ತ್ರದಲ್ಲಿ ಕಿದ್ದುಶಿನ್ ಅಂತ ಒಂದು ಭಾಗ ಇದೆ, ಅಪ್ಪ ಆದವನು ಮಗನಿಗೆ ಏನೇನು ಮಾಡಬೇಕು ಅಂತ ಅದರಲ್ಲಿ ಪಟ್ಟಿ ಕೊಡ್ತಾರೆ, ತೋರಾ ಅನ್ನೋ ಅವರ ಧರ್ಮಗ್ರಂಥ ಕಲಿಸ್ಬೇಕು, ಮದುವೆ ಮಾಡಿಸ್ಬೇಕು, ಒಂದು ಕಸುಬು ಕಲಿಸ್ಬೇಕು, ಆಮೇಲೆ "ಈಜೂ ಕಲಿಸ್ಬೇಕು ಅಂತ ಕೆಲವರು ಹೇಳ್ತಾರೆ". ಯಾಕಂತೆ? ಅವನ ಜೀವ ಅದರ ಮೇಲೆ ನಿಂತಿರಬಹುದು, ಅದಕ್ಕೆ. ಅಷ್ಟೇ ಇರೋದು ಅಲ್ಲಿ, ಕೈ ಹೇಗೆ ಬೀಸಬೇಕು ಕಾಲು ಹೇಗೆ ಬಡೀಬೇಕು ಅಂತ ಒಂದಕ್ಷರ ಇಲ್ಲ. ಈ ದೇಶದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳು ಸಾಯೋ ಕಾರಣಗಳಲ್ಲಿ ನೀರಲ್ಲಿ ಮುಳುಗೋದೇ ಮೊದಲನೇದು, ಹಾಗಾಗಿ ಆ ಹಳೇ ಮಾತು ನನಗೆ ಹಳೇದು ಅನ್ಸೋದೇ ಇಲ್ಲ.

ಇದೆಲ್ಲ ನನಗೆ ಮೊದಲಿಂದ ಗೊತ್ತಿತ್ತು ಅಂತಲ್ಲ. ಸೂಪರ್‌ವೈಸರ್ ಆದ ಮೊದಲ ವರ್ಷ ನಾನು ಕೈಯಲ್ಲೊಂದು ಚೆಕ್‌ಲಿಸ್ಟ್ ಹಿಡ್ಕೊಂಡು ಕಿಕ್ ಸರಿ ಇದೆಯಾ, ಉಸಿರಾಟ ಹೇಳ್ಕೊಟ್ರಾ, ಮಕ್ಕಳ ಹೆಸರು ಹಿಡಿದು ಕರೀತಾರಾ ಅಂತ ಟಿಕ್ ಹಾಕ್ತಾ ಓಡಾಡ್ತಿದ್ದೆ. ಒಂದು ಸಂಜೆ ಒಬ್ಬ ಹುಡುಗಿ, ನಮ್ಮ ಟೀಚರ್‌ಗಳಲ್ಲೇ ಚೆನ್ನಾಗಿ ಹೇಳ್ಕೊಡೋಳು, ಒಂದು ಮಗುವಿಗೆ ಬ್ಯಾಕ್‌ಸ್ಟ್ರೋಕ್, ಅಂದ್ರೆ ಅಂಗಾತ ಈಜೋದು, ಮಾಡಿಸ್ತಿದ್ಲು, ತಲೆ ಅಡಿಗೆ ಕೈ ಕೊಟ್ಟು, "ಹೊಟ್ಟೆ ಮೇಲಕ್ಕೆ, ಹೊಟ್ಟೆ ಮೇಲಕ್ಕೆ" ಅಂತ ಹೇಳ್ತಾ, ನೋಡೋಕೆ ಎಷ್ಟು ಚಂದ ಇತ್ತು ಅಂದ್ರೆ ನಾನೂ ಅದನ್ನೇ ನೋಡ್ತಾ ನಿಂತ್ಬಿಟ್ಟೆ. ಉಳಿದ ಐದು ಮಕ್ಕಳು ಅವಳ ಬೆನ್ನ ಹಿಂದೆ ಗೋಡೆ ಹಿಡ್ಕೊಂಡು ತಮ್ಮ ಸರದಿ ಕಾಯ್ತಿದ್ವು. ಅದರಲ್ಲಿ ಐದು ವರ್ಷದವನೊಬ್ಬ ಗೋಡೆ ಹಿಡ್ಕೊಂಡೇ ಒಂದೊಂದು ಗೇಣು ಆಳದ ಕಡೆಗೆ ಸರೀತಾ ಹೋದ. ನಾನು ತಲೆ ಎತ್ತಿ ನೋಡೋ ಹೊತ್ತಿಗೆ ಅವನ ಕೈ ಗೋಡೆ ಬಿಟ್ಟಿತ್ತು. ಕೂಗಿಲ್ಲ, ಕೈ ಬೀಸಿಲ್ಲ, ಮೈ ನೆಟ್ಟಗೆ, ಬಾಯಿ ನೀರಿನ ಮಟ್ಟಕ್ಕೆ, ತಲೆ ಸ್ವಲ್ಪ ಹಿಂದಕ್ಕೆ ವಾಲಿತ್ತು, ನೋಡಿದ್ರೆ ಮೇಲೆ ಸೀಲಿಂಗ್ ನೋಡ್ತಾ ಆಟ ಆಡ್ತಿದ್ದಾನೆ ಅನ್ನಬೇಕು. ಲೈಫ್‌ಗಾರ್ಡ್ ಆಗಲೇ ಹಾರಿ ಆಗಿತ್ತು. ಹುಡುಗ ಕೆಮ್ಮಿ, ಅತ್ತು, ಅಮ್ಮನ ತೊಡೆ ಮೇಲೆ ಕೂತು ಬಿಸ್ಕತ್ ತಿಂದ. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಆರ್ಚರ್ಡ್ ಬೀಚ್ ಅಂತಿದೆ, ಅಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ ಅನ್ನೋರು ನಿಜವಾಗ್ಲೂ ಮುಳುಗೋ ಜನ ಹೇಗೆ ಮುಳುಗ್ತಾರೆ ಅಂತ ಫಿಲ್ಮ್ ತೆಗೆದು ನೋಡಿದ್ರು. ಅವರು ಕಂಡಿದ್ದು ಇದನ್ನೇ, ಉಸಿರಿಗೇ ಪುರುಸೊತ್ತಿಲ್ಲದೋನು ಕೂಗೋದೆಲ್ಲಿಂದ, ಕೈ ಬೀಸೋಕೂ ಆಗಲ್ಲ ಯಾಕಂದ್ರೆ ಕೈ ತಾನಾಗೇ ನೀರನ್ನ ಕೆಳಗೆ ಒತ್ತುತಿರುತ್ತೆ, ಹಾಗೆ ಒದ್ದಾಡೋದು 20ರಿಂದ 60 ಸೆಕೆಂಡ್ ಅಷ್ಟೇ. ಅಂದ್ರೆ ಒಂದು ಮಗುವಿಗೆ ಬ್ಯಾಕ್‌ಸ್ಟ್ರೋಕ್ ತೋರಿಸಿ ಮುಗಿಸೋಷ್ಟು ಹೊತ್ತು.

ಅಲ್ಲಿಂದ ಚೆಕ್‌ಲಿಸ್ಟ್ ಬದಲಾಯಿಸಿದೆ. ಈಗ ವಾರಕ್ಕೊಂದ್ಸಲ ಪ್ರತಿ ಟೀಚರ್‌ನ ಹತ್ತು ನಿಮಿಷ ನೋಡ್ತೀನಿ, ನೋಡೋದು ಅವರ ಕಣ್ಣನ್ನ ಮಾತ್ರ. ಹತ್ತು ಸೆಕೆಂಡಿಗೊಂದ್ಸಲ ಕಣ್ಣು ಎಲ್ಲಾ ತಲೆಗಳ ಮೇಲೂ ಹೋಗಿ ಬಂತಾ? ಬೆನ್ನು ಯಾರ ಕಡೆಗಿದೆ? ಒಂದು ಮಗುವನ್ನ ಈಜಿಸ್ಕೊಂಡು ಹೋಗೋದಾದ್ರೆ ಟೀಚರ್ ಹಿಂದಕ್ಕೆ ನಡೀಬೇಕು, ಮುಖ ಕ್ಲಾಸಿನ ಕಡೆಗೇ ಇರಬೇಕು. ಕಾಯೋ ಮಕ್ಕಳು ಗೋಡೆ ಹಿಡ್ಕೊಂಡು ನೀರಲ್ಲಿ ನೇತಾಡೋದು ಬಂದ್, ಮೇಲೆ ಅಂಚಲ್ಲಿ ಕೂತು ಕಾಲು ನೀರಿಗೆ ಬಿಟ್ಕೊಂಡಿರಬೇಕು. "ಲೈಫ್‌ಗಾರ್ಡ್ ಇದ್ದಾರಲ್ಲಾ" ಅಂತ ಹೊಸಬರು ಕೇಳೇ ಕೇಳ್ತಾರೆ. ಇದ್ದಾರಪ್ಪ, ಆದ್ರೆ ಅವರು ಇಡೀ ಕೊಳ ನೋಡ್ಬೇಕು, ನಿನಗಿರೋದು ಆರು ತಲೆ, ಎಣಿಸೋಕೇನು ಕಷ್ಟ.

ಹೀಗೆ ನಿಧಾನ ಮಾಡಿದ್ರೆ ಬೈಯೋರು ಅಪ್ಪ ಅಮ್ಮಂದಿರು, ಅದ್ರಲ್ಲೂ ನಮ್ಮೋರು. ಸೆಂಟರ್ ಯಹೂದಿಗಳದ್ದಾದ್ರೂ ಯಾರು ಬೇಕಾದ್ರೂ ಸೇರಬಹುದು, ಭಾನುವಾರದ ಬ್ಯಾಚಲ್ಲಿ ಕನ್ನಡ ಕಿವಿಗೆ ಬೀಳ್ತಾನೇ ಇರುತ್ತೆ. ಒಬ್ರು ಬಂದು "ಅಕ್ಕಾ, ನಮ್ಮ ಮಾವನವರನ್ನ ಬಾವಿಗೆ ತಳ್ಳಿ ಒಂದೇ ದಿನಕ್ಕೆ ಈಜು ಕಲಿಸಿದ್ರಂತೆ, ಇಲ್ಲಿ ದುಡ್ಡು ಕೊಟ್ಟು ನಾಲ್ಕು ವಾರದಿಂದ ಬರೀ ಗುಳ್ಳೆ ಬಿಡಿಸ್ತಾ ಇದ್ದೀರಲ್ಲ" ಅಂದ್ರು. ನನಗೂ ಅಪ್ಪಯ್ಯ ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಕಟ್ಟಿ ತೋಟದ ಕೆರೆಗೆ ಇಳಿಸಿದ್ದೇ. ಆದ್ರೆ ಯೋಚ್ನೆ ಮಾಡಿ, ಆ ಕೆರೇಲಿ ಇದ್ದಿದ್ದು ನಾನೊಬ್ಳೇ, ಅಪ್ಪಯ್ಯ ಎದೆಮಟ್ಟ ನೀರಲ್ಲಿ ಮೊಳದ ದೂರದಲ್ಲಿ ನಿಂತು ನನ್ನನ್ನ ಬಿಟ್ಟು ಬೇರೆ ಏನನ್ನೂ ನೋಡ್ತಿರಲಿಲ್ಲ. ಮತ್ತೆ ಗುಳ್ಳೆ ಬಿಡೋದು ಆಟ ಅಲ್ಲ, ಮುಖ ನೀರಲ್ಲಿದ್ದಾಗ ಉಸಿರು ಹೊರಗೆ ಬಿಡೋದು ಬರದೇ ಇರೋ ಮಗು ತಲೆ ಎತ್ತಿದಾಗ ಒಳಗೆ ಎಳ್ಕೊಳ್ಳೋಕೆ ಜಾಗ ಇರಲ್ಲ, ಗಾಬರಿ ಬೀಳುತ್ತೆ.

ಧರ್ಮದ ಸಂಸ್ಥೆ ಅಂದ್ರೆ ಕ್ಯಾಲೆಂಡರೂ ಅವರದೇ. ಶುಕ್ರವಾರ ಸೂರ್ಯ ಮುಳುಗಿದ್ರೆ ಸಬ್ಬತ್ತು, ಅಂದ್ರೆ ಅವರ ವಾರದ ವಿಶ್ರಾಂತಿ ದಿನ, ಶುರುವಾಗುತ್ತೆ, ಅದಕ್ಕೆ ಮುಂಚೆ ನಾವು ಮುಚ್ಚಬೇಕು, ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೇ ಸೂರ್ಯಾಸ್ತ, ಸ್ಕೂಲ್ ಬಿಟ್ಟು ಮಕ್ಕಳು ಬರೋ ಹೊತ್ತಿಗೆ ಬಾಗಿಲು ಹಾಕೋ ಸಮಯ ಆಗಿರುತ್ತೆ, ಹಾಗಾಗಿ ಚಳಿಗಾಲದಲ್ಲಿ ಶುಕ್ರವಾರದ ಕ್ಲಾಸೇ ಇಡಲ್ಲ. ಬೇಸಿಗೆಯಲ್ಲಿ ತಿಶಾ ಬ್ಆವ್ ಅನ್ನೋ ಉಪವಾಸಕ್ಕೆ ಮುಂಚಿನ ಒಂಬತ್ತು ದಿನ ಸಂಪ್ರದಾಯಸ್ಥರ ಮನೆಗಳಲ್ಲಿ ಮೋಜಿಗೆ ಈಜೋದಿಲ್ಲ, ಆದ್ರೆ ಪಾಠ ಆದ್ರೆ ಪರವಾಗಿಲ್ಲ ಅನ್ನೋರು ತುಂಬಾ ಜನ. ಸರಿ, ಆ ದಿನಗಳಲ್ಲಿ ಕ್ಲಾಸಿನ ಕೊನೆಗೆ ಐದು ನಿಮಿಷ ಆಟಕ್ಕೆ ಬಿಡೋದನ್ನ ನಿಲ್ಲಿಸಿ ಅಂತ ಟೀಚರ್‌ಗಳಿಗೆ ಹೇಳಿರ್ತೀನಿ.

ಇನ್ನೊಂದು, ಯಾರೂ ಬರೆಯದೇ ಇರೋ ವಿಷಯ, ಮಕ್ಕಳು ನೀರಲ್ಲೇ ಕಕ್ಕ ಮಾಡಿಬಿಡೋದು. ಗಟ್ಟಿ ಇದ್ರೆ ತೆಗೆದು, ಕ್ಲೋರಿನ್ 2 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗ ನೀರಿಗೆ ಎರಡು ಭಾಗ, ಇರೋ ಹಾಗೆ ನೋಡ್ಕೊಂಡು 25 ನಿಮಿಷ ಕಾದ್ರೆ ಮುಗೀತು. ಭೇದಿ ಆಗಿದ್ರೆ 20 ಪಿಪಿಎಂಗೆ ಏರಿಸಿ ಕಾಲು ಗಂಟೆ ಕಮ್ಮಿ 13 ಗಂಟೆ, ಹತ್ತಿರ ಹತ್ತಿರ ಇಡೀ ದಿನದ ಕ್ಲಾಸು ಹೋಯ್ತು, ಯಾಕಂದ್ರೆ ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರೋಪಜೀವಿ ಮಾಮೂಲಿ ಕ್ಲೋರಿನ್‌ಗೆ ಜಗ್ಗಲ್ಲ. ಗಟ್ಟಿಯಾ ತೆಳುವಾ ಅಂತ ಕಣ್ಣಾರೆ ಕಂಡಿರೋದು ಕ್ಲಾಸ್ ತಗೊಳ್ತಿದ್ದ ಹದಿನಾರರ ಟೀಚರ್ ಹುಡುಗ ಒಬ್ಬನೇ, ಅವನು ಮುಜುಗರಕ್ಕೋ ಕ್ಲಾಸು ನಿಲ್ಲುತ್ತೆ ಅಂತಾನೋ ಸುಳ್ಳು ಹೇಳಬಾರದು ಅಂದ್ರೆ, ಹಿಂದಿನ ಸಲ ನಿಜ ಹೇಳಿದೋನಿಗೆ ನಾನು ಮುಖ ಸಿಂಡರಿಸಿರಬಾರದು.

ವಾರಕ್ಕೆ ಎರಡು ಸಲ ಹೆಂಗಸರ ಹೊತ್ತು ಅಂತಿದೆ. ಕಿಟಕಿಗೆಲ್ಲಾ ಪರದೆ, ಗಾರ್ಡೂ ಟೀಚರ್ರೂ ಹೆಂಗಸರೇ. ಯಹೂದಿ ಅಜ್ಜಿಯರು, ಮೈ ಪೂರ್ತಿ ಮುಚ್ಚೋ ಬುರ್ಕಿನಿ ಅನ್ನೋ ಈಜುಡುಗೆ ಹಾಕ್ಕೊಂಡು ಬರೋ ಮುಸ್ಲಿಂ ತಾಯಂದಿರು, ಸ್ವಿಮ್‌ಸೂಟ್ ಅಂದ್ರೆ ನಾಚ್ಕೊಳ್ಳೋ ನಮ್ಮ ಕಡೆಯವರೂ ಸುಮಾರು ಜನ. ಒಂದ್ಸಲ ಬರಬೇಕಾಗಿದ್ದ ಗಾರ್ಡ್‌ಗೆ ಜ್ವರ, ಬದಲಿ ಹೆಣ್ಣುಮಗಳು ಸಿಗಲಿಲ್ಲ, ಇದ್ದಿದ್ದು ಹುಡುಗ. ಅವನನ್ನ ಕೂರಿಸಲಿಲ್ಲ, ಗಾರ್ಡ್ ಇಲ್ಲದೇನೂ ಬಿಡಲಿಲ್ಲ, ಕ್ಯಾನ್ಸಲ್ ಮಾಡಿದೆ, ಬೈಸ್ಕೊಂಡೆ. ಆಮೇಲೆ ಆ ಹುಡುಗ ಮೆಲ್ಲಗೆ ಕೇಳಿದ, "ಒಳಗಿರೋ ಗಾರ್ಡ್ ಒಬ್ಬಳ ಕೈಲಿ ಆಗದೇ ಇರೋದು ಏನಾದ್ರೂ ಆದ್ರೆ, ಹೊರಗಿರೋ ನಾನು ಬರಬಹುದಾ?"

ನಾನು ಉತ್ತರ ಕೊಡಲಿಲ್ಲ, ರಬ್ಬಿ, ಅಂದ್ರೆ ಯಹೂದಿ ಧರ್ಮಗುರು, ಅವರ ಹತ್ರ ಕರ್ಕೊಂಡು ಹೋದೆ. ಜೀವ ಉಳಿಸೋದು ಸಬ್ಬತ್ತಿನ ನಿಯಮಕ್ಕಿಂತ್ಲೂ ಮೇಲೆ, ಅದಕ್ಕೆ ಪಿಕುವಾಖ್ ನೆಫೆಶ್ ಅಂತಾರೆ ಅಂದ್ರು ಅವರು. ಆಮೇಲೆ ನಗ್ತಾ ಇನ್ನೊಂದು ಹೇಳಿದ್ರು, ತಾಲ್ಮುದ್‌ನ ಸೋಟಾ ಅನ್ನೋ ಭಾಗದಲ್ಲಿ ಮಡಿವಂತ ಮೂರ್ಖ ಯಾರು ಅಂತ ಒಂದು ಪ್ರಶ್ನೆ ಬರುತ್ತಂತೆ, ಉತ್ತರ: ಹೊಳೆಯಲ್ಲಿ ಹೆಂಗಸು ಮುಳುಗ್ತಾ ಇದ್ರೆ, ಅವಳನ್ನ ನೋಡಬಾರದು ಹಾಗಾಗಿ ಕಾಪಾಡಲ್ಲ ಅಂತ ನಿಂತುಕೊಳ್ಳೋನು.

ಆಗಿನಿಂದ ಹೆಂಗಸರ ಹೊತ್ತಲ್ಲಿ ಬಾಗಿಲಾಚೆ ಒಬ್ಬ ಗಾರ್ಡ್ ವಾಕಿಟಾಕಿ ಹಿಡಿದು ಕೂತಿರ್ತಾನೆ, ಮೂರು ಉದ್ದ ಸೀಟಿ ಕೇಳಿದ್ರೆ ಏನೂ ಯೋಚಿಸದೆ ಒಳಗೆ ಓಡಬೇಕು. ಅವನು ಬಂದ್ರೆ ಉಳಿದವರು ಮೈ ಮುಚ್ಕೊಳ್ಳಲಿ ಅಂತ ಗೋಡೆಗೆ ಹನ್ನೆರಡು ಉದ್ದ ಗೌನ್ ನೇತು ಹಾಕಿದ್ದೀನಿ. ಇದುವರೆಗೂ ಯಾರೂ ಅದನ್ನ ಹಾಕ್ಕೊಂಡಿಲ್ಲ, ಮೂರು ತಿಂಗಳಿಗೊಂದ್ಸಲ ಧೂಳು ಹಿಡಿದಿದೆ ಅಂತ ನಾನೇ ಒಗೆದು ಮತ್ತೆ ನೇತು ಹಾಕ್ತೀನಿ.