ಟಿಪಲ್ ಕೆಳಗೆ ಒಂದೇ ಹಳಿ ಸಾಕೇ?

ಪ್ರಶ್ನೆ: ಎಚ್‌ಒ ಸ್ಕೇಲ್‌ನಲ್ಲಿ (ನಿಜ ಗಾತ್ರದ 87ರಲ್ಲೊಂದು ಪಾಲು) 1950ರ ಸುಮಾರಿನ ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ರೈಲು ಲೈನ್‌ನ ಮಾಡೆಲ್ ಕಟ್ಟುತ್ತಿದ್ದೇನೆ. ಗಣಿಗೆಂದು 10 ಅಡಿ ಹಲಗೆ ಇದೆ. ಟಿಪಲ್ (ಗಣಿಯ ಕಲ್ಲಿದ್ದಲನ್ನು ವ್ಯಾಗನ್‌ಗೆ ತುಂಬುವ ಕಟ್ಟಡ) ಕೆಳಗೆ ಒಂದು ಹಳಿ ಹಾಕಿದರೆ ಸಾಕಲ್ಲವೇ?

ಸಾಲದು. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ರೈಲು ಟಿಪಲ್ ಕೆಳಗೆ ಬಂದು, ತುಂಬಿಸಿಕೊಂಡು, ಹಾಗೇ ಹೊರಟುಹೋಗುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಕೂತಿದೆ. ಅದು ಇಡೀ ರೈಲು ಒಂದೇ ಸರಕು ತುಂಬಿಕೊಂಡು ಒಂದೇ ಕಡೆಗೆ ಹೋಗುವ ಯೂನಿಟ್ ಟ್ರೇನ್ ಪದ್ಧತಿ; 1960ರ ದಶಕದಿಂದ ಈಚಿನದು. ಆ ಭಾಗದ ಕಲ್ಲಿದ್ದಲು ಸಾಗಿಸುತ್ತಿದ್ದ ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ರೈಲ್ವೆಯ ಸ್ಟೀಮ್ ಕಾಲಕ್ಕೆ ಅದನ್ನು ತಂದು ಅಂಟಿಸಬೇಡಿ.

ಆಗಿನ ಟಿಪಲ್ ಕಲ್ಲಿದ್ದಲನ್ನು ಜರಡಿ ಹಿಡಿಯುತ್ತಿತ್ತು. ದಪ್ಪ ಗಟ್ಟಿಯಿಂದ ಪುಡಿಯವರೆಗೆ ಲಂಪ್, ಎಗ್, ನಟ್, ಸ್ಲ್ಯಾಕ್ ಎಂದು ಗಾತ್ರ ಬೇರೆ, ಗಿರಾಕಿ ಬೇರೆ, ಹಾಗಾಗಿ ಹಳಿಯೂ ಬೇರೆ. ಎಂಜಿನ್ ಖಾಲಿ ವ್ಯಾಗನ್‌ಗಳನ್ನು ಟಿಪಲ್‌ನ ಮೇಲ್ಬದಿಯಲ್ಲಿ ಬಿಟ್ಟು ಹೋಗುತ್ತಿತ್ತು. ಮುಂದಿನದು ಗಣಿಯವರ ಕೆಲಸ: ಒಬ್ಬ ವ್ಯಾಗನ್ ಹತ್ತಿ ಕೈಬ್ರೇಕ್ ಸಡಿಲಿಸುತ್ತಾನೆ, ಇಳಿಜಾರಿಗೆ ಅದು ಉರುಳಿ ಚ್ಯೂಟ್ (ಕಲ್ಲಿದ್ದಲು ಸುರಿಯುವ ಜಾರುಕೊಳವೆ) ಕೆಳಗೆ ಬರುತ್ತದೆ, ತುಂಬುತ್ತಾ ಹೋದಂತೆ ಇಷ್ಟಿಷ್ಟೇ ಮುಂದಕ್ಕೆ ಬಿಡುತ್ತಾನೆ. ತುಂಬಿದವು ಕೆಳಬದಿಯಲ್ಲಿ ಸಾಲುಗಟ್ಟುತ್ತವೆ. ಅಂದರೆ ಟಿಪಲ್‌ನ ಕೆಳಬದಿಯಲ್ಲಿ ಎಷ್ಟು ಉದ್ದದ ಹಳಿಯೋ ಮೇಲ್ಬದಿಯಲ್ಲೂ ಅಷ್ಟೇ ಬೇಕು. ಬಹುತೇಕ ಮಾಡೆಲ್‌ಗಳಲ್ಲಿ ಈ ಮೇಲ್ಬದಿಯೇ ಇರುವುದಿಲ್ಲ!

ನಿಮ್ಮ 10 ಅಡಿಯಲ್ಲಿ, ಅಂದರೆ 305 ಸೆಂ.ಮೀ.ನಲ್ಲಿ, ಎರಡು ಲೋಡಿಂಗ್ ಹಳಿ ಮತ್ತು ಪಕ್ಕದಲ್ಲೊಂದು ಬೈಪಾಸ್ (ಟಿಪಲ್ ದಾಟಿಹೋಗುವ ಹಳಿ) ಹಿಡಿಸುತ್ತವೆ. ಎರಡು ಬೇ ಹಾಪರ್ (ತಳದಿಂದ ಎರಡು ಕಡೆ ಸುರಿಯುವ ಕಲ್ಲಿದ್ದಲು ವ್ಯಾಗನ್) ಒಂದಕ್ಕೆ ಸುಮಾರು 12.5 ಸೆಂ.ಮೀ. ಮೂರು ವ್ಯಾಗನ್‌ಗೆ ಮೇಲೆ 40, ಕೆಳಗೆ 40, ಟಿಪಲ್‌ಗೆ 25, ಎರಡೂ ತುದಿಯ ನಂಬರ್ 4 ಟರ್ನೌಟ್‌ಗಳಿಗೆ (ಹಳಿ ಕವಲೊಡೆಯುವ ಜಾಗ) ತಲಾ 45. ಮೇಲ್ತುದಿಯಲ್ಲಿ ಟೇಲ್ ಟ್ರ್ಯಾಕ್ (ಟರ್ನೌಟ್ ಆಚೆ ಮುಂದುವರಿಯುವ ತುದಿ ಹಳಿ) 63 ಸೆಂ.ಮೀ.ಗಿಂತ ಕಡಿಮೆ ಆಗಬಾರದು. ಎಂಜಿನ್ ಖಾಲಿ ವ್ಯಾಗನ್‌ಗಳನ್ನು ಬೈಪಾಸ್‌ನಲ್ಲಿ ಎಳೆದುಕೊಂಡು ಹೋಗಿ ಟೇಲ್‌ನಲ್ಲಿ ನಿಂತು, ಹಿಂದಕ್ಕೆ ತಳ್ಳಿ ಲೋಡಿಂಗ್ ಹಳಿಗೆ ಬಿಡಬೇಕು. ಟೆಂಡರ್ (ಎಂಜಿನ್ ಹಿಂದಿನ ಇಂಧನ-ನೀರಿನ ಗಾಡಿ) ಸೇರಿ 25 ಸೆಂ.ಮೀ. ಎಂಜಿನ್, ಜೊತೆಗೆ ಮೂರು ವ್ಯಾಗನ್ ಅಲ್ಲಿ ನಿಲ್ಲದಿದ್ದರೆ ಇಡೀ ಆಟ ಕೆಟ್ಟಿತು. ಇಳಿಜಾರು ಮಾತ್ರ ಕೊಡಬೇಡಿ. ಲೋಹದ ಚಕ್ರದ ವ್ಯಾಗನ್ 2% ಇಳಿಜಾರಿಗೇ ಉರುಳಿಬಿಡುತ್ತದೆ, ಹಿಡಿಯಲು ಬ್ರೇಕ್ ಇಲ್ಲ.

ಇಷ್ಟು ಹೇಳಿದ ಮೇಲೆ ತೂಕದ ಮಾತೂ ಆಗಲಿ. ನಿಜವಾದ ಕಲ್ಲಿದ್ದಲನ್ನು ವ್ಯಾಗನ್ ತುಂಬ ಸುರಿದು ಅಂಟು ಹಾಕುವವರಿದ್ದಾರೆ. ಆಗ ತುಂಬಿದ್ದು ಭಾರ, ಖಾಲಿಯದು ಹಗುರ. ಎರಡೂ ಬೆರೆತ ರೈಲಿನಲ್ಲಿ ಎಂಜಿನ್ ಹತ್ತಿರದ ಹಗುರ ವ್ಯಾಗನ್ ತಿರುವಿನಲ್ಲಿ ಒಳಕ್ಕೆ ಎಳೆಸಿಕೊಂಡು ಹಳಿ ತಪ್ಪುತ್ತದೆ. ಎನ್‌ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಘ) ಶಿಫಾರಸಿನಂತೆ ಎಚ್‌ಒ ವ್ಯಾಗನ್‌ಗೆ 1 ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಈ ಹಾಪರ್‌ಗೆ ಸುಮಾರು 95 ಗ್ರಾಂ. ಅದು ಖಾಲಿ ಇರುವಾಗಲೇ ಬರಬೇಕು: ಹಾಪರ್‌ನ ಎರಡೂ ತುದಿಯ ಇಳಿಜಾರು ತಗಡುಗಳ ಅಡಿಯಲ್ಲಿ ಸೀಸದ ಪಟ್ಟಿ ಅಂಟಿಸಿ. ಲೋಡನ್ನು ಫೋಮ್‌ನಲ್ಲಿ ಕತ್ತರಿಸಿ, ಕಪ್ಪು ಬಳಿದು, ಮೇಲ್ಮೈಗೆ ಮಾತ್ರ ಕಲ್ಲಿದ್ದಲ ಪುಡಿ ಹಚ್ಚಿ. ಒಳಗೊಂದು ಕಬ್ಬಿಣದ ವಾಷರ್ ಹುದುಗಿಸಿದರೆ ಆಯಸ್ಕಾಂತದಿಂದ ಎತ್ತಿ ತೆಗೆಯಬಹುದು. ಫೋಮ್ ಅಂಚು ವ್ಯಾಗನ್ ಗೋಡೆಗೆ ಬಿಗಿಯಾಗದಂತೆ ಸುತ್ತ ಅರ್ಧ ಮಿ.ಮೀ. ಬಿಡಿ, ಇಲ್ಲವಾದರೆ ಎತ್ತುವಾಗ ಲೋಡಿನ ಜೊತೆ ವ್ಯಾಗನ್ನೂ ಮೇಲೆ ಬರುತ್ತದೆ.