ಹೊಸ ಬ್ಯಾಟರಿ ತರುವ ಮೊದಲು ಫ್ಲೈವೀಲ್ ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಬ್ರಹ್ಮಾವರ ಕಡೆಯ ಶೆಟ್ರೊಬ್ರು ಫೋನ್ ಮಾಡಿದ್ರು. "ಹುಲ್ಲು ಕತ್ತರಿಸುವ ಗಾಡಿ ಒಂದುಂಟು, ಕೂತ್ಕೊಂಡು ಓಡಿಸುವಂಥದ್ದು, ಎರಡು ಬ್ಯಾಟರಿ ಹಾಕಿ ಆಯ್ತು, ಸ್ಟಾರ್ಟ್ ಆಗುದೇ ಇಲ್ಲ ಮಾರಾಯ್ರೆ." ನನ್ನ ಹತ್ರ ಬರುವುದು ಹೆಚ್ಚಾಗಿ ಬ್ರಷ್ ಕಟರ್, ಅಡಿಕೆಗೆ ಮದ್ದು ಬಿಡುವ ಪಂಪು, ಆಗಾಗ ಮಲ್ಪೆಯಿಂದ ದೋಣಿಯ ಔಟ್‌ಬೋರ್ಡು. ರೈಡಿಂಗ್ ಮೋವರ್ ನಮ್ಮ ಕಡೆ ಅಪರೂಪ. ಇದು ಯಾವುದೋ ರೆಸಾರ್ಟ್ ಮುಚ್ಚುವಾಗ ಅಗ್ಗಕ್ಕೆ ಸಿಕ್ಕಿದ್ದಂತೆ, ಒಂದು ವರ್ಷ ಓಡಿಸಿ ಆಮೇಲೆ ನಾಲ್ಕು ಮಳೆಗಾಲ ಹಳೇ ಹಟ್ಟಿಯಲ್ಲಿ ತೆಂಗಿನಕಾಯಿ ರಾಶಿ ಪಕ್ಕ ನಿಲ್ಲಿಸಿಟ್ಟಿದ್ರು.

ಹೋಗಿ ನೋಡಿದ್ರೆ ಬ್ರಿಗ್ಸ್ ಆಂಡ್ ಸ್ಟ್ರಾಟನ್ ಎಂಜಿನ್ನು, ಒಂದೇ ಸಿಲಿಂಡರ್, ಶಾಫ್ಟ್ ನೆಟ್ಟಗೆ ಕೆಳಗೆ ಇಳಿಯುವ ಮಾದರಿ. ಈ ಕಂಪೆನಿ ಎಂಜಿನ್ನಿನ ಜಾತಕ ಅದರ ಮೈಮೇಲೇ ಇರ್ತದೆ, ತಗಡಿನ ಮೇಲೆ ಹೊಡೆದ ನಂಬರಲ್ಲಿ ಮಾಡೆಲ್ ಶುರುವಿನ 31 ಅಂದ್ರೆ 31 ಕ್ಯೂಬಿಕ್ ಇಂಚು, ಅಂದ್ರೆ ಸುಮಾರು 500 ಸಿಸಿ, ಕೋಡ್ ಅನ್ನುವ ಸಾಲಿನ ಮೊದಲ ಎರಡು ಅಂಕೆ ಹುಟ್ಟಿದ ವರ್ಷ. ಇದರದ್ದು 05. ಪಾರ್ಟ್ ಬೇಕಾದ್ರೆ ಈ ನಂಬರಿನ ಫೋಟೋ ತೆಗೆದಿಟ್ಕೊಳ್ಳಿ, ಗಾಡಿಯ ಬಣ್ಣ ಹೇಳಿದ್ರೆ ಯಾರೂ ಪಾರ್ಟ್ ಕೊಡುದಿಲ್ಲ.

ಶೆಟ್ರು ಕೀ ತಿರುಗಿಸ್ಲಿಕ್ಕೆ ಹೊರಟ್ರು, ಬೇಡ ಅಂದೆ. ಉಪ್ಪುಗಾಳಿಯ ಊರಲ್ಲಿ ನಾಲ್ಕು ವರ್ಷ ನಿಂತ ಎಂಜಿನ್ನನ್ನು ಸೀದಾ ಸೆಲ್ಫ್ ಹೊಡೆದು ತಿರುಗಿಸುವುದು ಅಂದ್ರೆ ಸಿಲಿಂಡರಿನ ತುಕ್ಕಿನ ಮೇಲೆ ಪಿಸ್ಟನ್ ರಿಂಗನ್ನು ಎಳೆದ ಹಾಗೆ, ಅವರು ಎರಡೂ ಬ್ಯಾಟರಿಯಲ್ಲಿ ಅದನ್ನೇ ಮಾಡಿದ್ರು ಅದು ಬೇರೆ ವಿಷಯ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಬೇಕು, ಮರುದಿನ ಮೇಲಿನ ಜಾಲರಿ ಹಿಡಿದು ಅದರಡಿಯ ಫ್ಲೈವೀಲನ್ನು, ಅಂದ್ರೆ ಎಂಜಿನ್ನಿನ ಭಾರದ ಚಕ್ರವನ್ನು, ಕೈಯಲ್ಲೇ ನಿಧಾನ ತಿರುಗಿಸಬೇಕು. ತಿರುಗಿದ್ರೆ ಅರ್ಧ ಗೆದ್ದ ಹಾಗೆ. ತಿರುಗದಿದ್ರೆ ಇನ್ನೆರಡು ದಿನ ಬಿಡಿ, ಪೈಪ್ ಹಾಕಿ ಜಗ್ಗಬೇಡಿ.

ಮರುದಿನ ತಿರುಗಿತು, ಆದ್ರೆ ಒಳಗಿಂದ ಎಂತದೋ ಉಜ್ಜುವ ಸದ್ದು. ಮೇಲಿನ ಕವರ್ ತೆಗೆದ್ರೆ ಇಲಿಗೂಡು! ತೆಂಗಿನ ನಾರು, ಚೀಲದ ದಾರ, ಬೂದಿ ಬಣ್ಣದ ಹುಡಿ, ಸಿಲಿಂಡರಿನ ಫಿನ್ನುಗಳ ನಡುವೆ ಗಾಳಿ ಹೋಗ್ಲಿಕ್ಕೆ ಜಾಗವೇ ಇಲ್ಲದ ಹಾಗೆ ತುರುಕಿತ್ತು. ಇದು ಗಾಳಿಯಿಂದಲೇ ತಣಿಯುವ ಎಂಜಿನ್ನು, ಹಾಗೇ ಸ್ಟಾರ್ಟ್ ಆಗಿದ್ರೆ ಸ್ವಲ್ಪ ಹೊತ್ತಲ್ಲೇ ಕಾದು ಹೆಡ್ ಗ್ಯಾಸ್ಕೆಟ್ ಹೋಗ್ತಿತ್ತು. ಕವರ್ ತೆಗೆದದ್ದರ ಲಾಭಕ್ಕೆ ಫ್ಲೈವೀಲಿನ ಮ್ಯಾಗ್ನೆಟ್ ಮೇಲಿನ ತುಕ್ಕನ್ನೂ ಸ್ಯಾಂಡ್ ಪೇಪರಲ್ಲಿ ಉಜ್ಜಿದೆ, ಕಾಯಿಲ್ ಮತ್ತು ಮ್ಯಾಗ್ನೆಟ್ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬೋಲ್ಟ್ ಬಿಗಿ ಮಾಡಿದ್ರೆ ಬೇಕಾದ ಗ್ಯಾಪ್ ಸಿಗ್ತದೆ, ಹೆಚ್ಚುಕಮ್ಮಿ 0.25 ಮಿಲಿಮೀಟರ್. ಇದರ ಸ್ಪಾರ್ಕು ಬ್ಯಾಟರಿಯಿಂದ ಬರುವುದಲ್ಲ, ಈ ಮ್ಯಾಗ್ನೆಟ್ ಕಾಯಿಲ್ ಎದುರು ತಿರುಗುವಾಗ ಹುಟ್ಟುವುದು. ಬ್ಯಾಟರಿಗೆ ಇರುವ ದೊಡ್ಡ ಕೆಲಸ ಎಂಜಿನ್ ತಿರುಗಿಸುವುದು, ಅಷ್ಟೆ.

ಹಾಗಾದ್ರೆ ಹೊಸ ಬ್ಯಾಟರಿ ಇದ್ದೂ ಯಾಕೆ ತಿರುಗುದಿಲ್ಲ? ಪ್ಲಗ್ ಹಾಕಿ ಕೀ ತಿರುಗಿಸಿದಾಗ ಶೆಟ್ರು ಹೇಳಿದ್ದು ಕಣ್ಣಿಗೇ ಕಂಡಿತು, ಒಂದು ಅರ್ಧ ಸುತ್ತು ಬಂದು ಗಕ್ ಅಂತ ನಿಲ್ತದೆ, ಪುನಃ ಅರ್ಧ ಸುತ್ತು, ಪುನಃ ಗಕ್. ಎಲ್ಲರೂ ಬ್ಯಾಟರಿ ಅಂತಾರೆ, ಸ್ವಲ್ಪ ಗೊತ್ತಿದ್ದವರು ಸ್ಟಾರ್ಟರ್ ಮೋಟರ್ ಅಂತಾರೆ. ಕೇಬಲ್ ಮತ್ತು ಅರ್ತ್ ಜಾಯಿಂಟ್ ತುಕ್ಕು ಹಿಡಿದ್ರೂ ಹೀಗಾಗ್ತದೆ, ಅದನ್ನು ಮೊದಲು ನೋಡಿ ಆಗಿತ್ತು, ಸರಿ ಇತ್ತು. 500 ಸಿಸಿಯ ಒಂದೇ ಸಿಲಿಂಡರಿನ ಕಂಪ್ರೆಷನ್, ಅಂದ್ರೆ ಒಳಗೆ ಒತ್ತಿ ಹಿಡಿದ ಗಾಳಿಯ ಒತ್ತಡ, ದಾಟುವುದು ಸಣ್ಣ ಮೋಟರಿಗೆ ಸುಲಭ ಅಲ್ಲ, ಅದಕ್ಕೇ ಕ್ಯಾಮ್‌ಶಾಫ್ಟಲ್ಲಿ ಒಂದು ಉಪಾಯ ಉಂಟು, ಸ್ಟಾರ್ಟ್ ಮಾಡುವಾಗ ಮಾತ್ರ ವಾಲ್ವನ್ನು ಒಂದು ಚೂರು ಎತ್ತಿ ಹಿಡಿದು ಒತ್ತಡ ಸ್ವಲ್ಪ ಹೊರಗೆ ಬಿಡ್ತದೆ. ಆ ಎತ್ತುವುದು ತೀರಾ ಸಣ್ಣ ಅಳತೆ, ವಾಲ್ವಿಗೂ ಅದನ್ನು ಒತ್ತುವ ರಾಕರ್ ಅನ್ನುವ ಸಣ್ಣ ತೋಳಿಗೂ ನಡುವಿನ ಗ್ಯಾಪ್ ಸವೆದು ಜಾಸ್ತಿ ಆದ್ರೆ ರಾಕರ್ ಗಾಳಿಯಲ್ಲೇ ಅಲ್ಲಾಡ್ತದೆ, ವಾಲ್ವ್ ಏಳುದೇ ಇಲ್ಲ. ಆಗ ಪೂರ್ತಿ ಕಂಪ್ರೆಷನ್ ಮೋಟರಿನ ತಲೆ ಮೇಲೆ.

ವಾಲ್ವ್ ಕವರಿಗೆ ನಾಲ್ಕು ಬೋಲ್ಟು. ಬಿಚ್ಚಿ ರಾಕರನ್ನು ಬೆರಳಲ್ಲಿ ಅಲ್ಲಾಡಿಸಿದ್ರೆ ಟಕಟಕ ಅಂತು, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವಿನ ಕಡೆ, ಗ್ಯಾಪ್ ಅಳೆಯುವ ಫಿಲ್ಲರ್ ಗೇಜಿನ 15 ಥೌ ಎಲೆ ಆರಾಮಲ್ಲಿ ಹೋಯ್ತು (ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು). ಬೇಕಾದದ್ದು ಅಲ್ಲಿ 5ರಿಂದ 7, ಇನ್ಟೇಕಿಗೆ 3ರಿಂದ 5. ಅಡ್ಜಸ್ಟ್ ಮಾಡುವಾಗ ಎರಡೂ ವಾಲ್ವ್ ಮುಚ್ಚಿದ ಕಂಪ್ರೆಷನ್ ಹೊಡೆತದಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದು ಅಲ್ಲಿಂದ ಕಾಲು ಇಂಚು ಕೆಳಗೆ ಇಳಿದಿರಬೇಕು, ನಾನು ಪ್ಲಗ್ ತೂತಿಗೆ ಹಿಡಿಸೂಡಿ ಕಡ್ಡಿ ಹಾಕಿ ಗುರುತು ಮಾಡ್ತೇನೆ, ಕಬ್ಬಿಣ ಹಾಕ್ಲಿಕ್ಕೆ ಹೋಗಬೇಡಿ. ಕವರ್ ಹಾಕಿ ಕೀ ತಿರುಗಿಸಿದ್ರೆ ಎಂಜಿನ್ ಗರಗರ ಅಂತ ಸಲೀಸಾಗಿ ಸುತ್ತಿತು. ಶೆಟ್ರು ಬ್ಯಾಟರಿ ಕಡೆ ನೋಡಿದ್ರು, ಮೊದಲನೇದನ್ನು ಗುಜರಿಗೆ ಕೊಟ್ಟಾಗಿತ್ತು ಪಾಪ.

ಸುತ್ತಿತು, ಉರಿಯಲಿಲ್ಲ. ಇನ್ನು ಪೆಟ್ರೋಲಿನ ಕಥೆ. ಟ್ಯಾಂಕಿನ ಮುಚ್ಚಳ ತೆಗೆದ್ರೆ ಹಳೇ ವಾರ್ನಿಷ್ ವಾಸನೆ. ಕಾರ್ಬೋರೇಟರ್ ಬೌಲಿನ ತಳದಲ್ಲಿ ಬಿಳಿ ಉಪ್ಪಿನಂಥ ಹುಡಿ, ಅದರ ಮೇಲೆ ನೀರಿನ ಗುಳ್ಳೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಗಾಳಿಯ ತೇವ ಕುಡೀತದೆ, ಜಾಸ್ತಿ ಆದಾಗ ನೀರಿನ ಜೊತೆ ಬೇರೆಯಾಗಿ ಕೆಳಗೆ ಕೂರ್ತದೆ, ಅಲ್ಯುಮಿನಿಯಂ ತಿನ್ನುವುದು ಅಲ್ಲೇ. ಈಗ ಬಂಕಲ್ಲಿ ಬರುವುದು 20 ಪರ್ಸೆಂಟ್ ಬೆರೆಸಿದ್ದು, ಈ ಎಂಜಿನ್ ಕಂಪೆನಿಯವರು 10 ದಾಟಬಾರದು ಅಂತಾರೆ, ನಮ್ಮೂರಿನ ಮಳೆಗಾಲದ ತೇವ ಬೇರೆ, ಹಾಗಾಗಿ ಓಡಿಸದ ದಿನಗಳಲ್ಲಿ ಟ್ಯಾಂಕ್ ಖಾಲಿ ಮಾಡಿ ಬೌಲ್ ಒಣಗುವ ತನಕ ಎಂಜಿನ್ ಓಡಿಸಿಡುವುದು ಬಿಟ್ರೆ ನನಗೆ ಬೇರೆ ದಾರಿ ಕಾಣುದಿಲ್ಲ. ಕಾರ್ಬೋರೇಟರಲ್ಲಿ ಪೆಟ್ರೋಲ್ ಹೋಗುವ ಜೆಟ್ಟಿನ ಸಣ್ಣ ತೂತನ್ನು ವಯರಿನ ಒಂದು ತಾಮ್ರದ ಎಳೆಯಲ್ಲಿ ಬಿಡಿಸಿದೆ, ಸ್ಟೀಲ್ ಪಿನ್ನಲ್ಲಿ ಚುಚ್ಚಿದ್ರೆ ತೂತು ದೊಡ್ಡದಾಗ್ತದೆ. ಆಮೇಲೆ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ, ಬೌಲಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟಿನ ಸೂಜಿ ಸರಿ ಕೂರದಿದ್ರೆ ಪೆಟ್ರೋಲ್ ಸೋರಿ ಆಯಿಲಿಗೆ ಇಳಿದಿರ್ತದೆ, ಲೆವೆಲ್ ತನ್ನಷ್ಟಕ್ಕೆ ಏರಿರ್ತದೆ. ಇದರಲ್ಲಿ ಹಾಗಿತ್ತು. ಸೂಜಿ ಬದಲಿಸಿ ಹೊಸ ಆಯಿಲ್ ಹಾಕಿದ್ದು, ಒಂದೂವರೆ ಲೀಟರಿಗೆ ಸ್ವಲ್ಪ ಕಡಿಮೆ.

ನಾಲ್ಕನೇ ಸಲಕ್ಕೆ ಹಿಡಿಯಿತು. ನಾವೇ ಬಿಟ್ಟ ಆಯಿಲ್ ಸುಟ್ಟು ಹತ್ತು ನಿಮಿಷ ಹಟ್ಟಿ ತುಂಬ ಬಿಳಿ ಹೊಗೆ, ಮನೆಯವರು ಎಲ್ಲ ಓಡಿ ಬಂದ್ರು. ಹೊಗೆ ಇಳಿದ ಮೇಲೆ ಶೆಟ್ರು ಹತ್ತಿ ಕೂತು ತೋಟದ ಬದಿಗೆ ಹೋಗಿ ಬ್ಲೇಡ್ ಹಾಕಿದ್ರು, ಎರಡು ಸಾಲು ಹುಲ್ಲು ನುಣ್ಣಗೆ ಹೋಯ್ತು, ಖುಷಿಯಲ್ಲಿ ಸೀಟಿನಿಂದ ಎದ್ದು ನಿಂತು ಹೆಂಡತಿಗೆ ಕೈ ಬೀಸಿದ್ರು ನೋಡಿ, ಎಂಜಿನ್ ಟಪ್ ಅಂತ ಬಂದ್.

"ಪುನಃ ಹೋಯ್ತಾ ಮಾರಾಯ್ರೆ?"

"ಇಲ್ಲ ಶೆಟ್ರೆ, ಸೀಟಿನ ಅಡಿಯಲ್ಲಿ ಸ್ವಿಚ್ ಉಂಟು. ಬ್ಲೇಡ್ ತಿರುಗುವಾಗ ಎದ್ರೆ ಅದೇ ನಿಲ್ಲಿಸ್ತದೆ. ಕೂತ್ಕೊಳ್ಳಿ."